ಪತ್ರದಲ್ಲಿ ಒಂದು ರೇಟು, ಬಾಯಲ್ಲಿ ಇನ್ನೊಂದು: ತುಮಕೂರಿನಲ್ಲಿ ಮನೆ ಹುಡುಕಿದ ಒಂದು ಕುಟುಂಬದ ಪ್ರಕರಣ

ಈ ಪ್ರಕರಣದ ಗಂಡ ಹೆಂಡತಿ ನನಗೆ ಪರಿಚಯದವರು. ಆಕೆ ಹೈಸ್ಕೂಲ್ ಟೀಚರ್. ಅವರ ಮನೆಯವರು ವಸಂತನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವರನ್ನು ಕೇಳಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಸೈಟ್ ನಂಬರ್ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಮೊತ್ತಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ. ಲೆಕ್ಕದ ದಾರಿ ಮಾತ್ರ ಅವರು ನಡೆದದ್ದೇ.

ನಾನು ಬ್ಯಾಂಕೊಂದರಲ್ಲಿ ಗೃಹಸಾಲದ ಕೆಲಸ ನೋಡಿಕೊಂಡು ನಿವೃತ್ತನಾದವನು. ಸಾಲಕ್ಕೆ ಬಂದವರ ಕಡತ ನೋಡುವಾಗಲೆಲ್ಲ ನನಗೆ ಒಂದೇ ನೋವು. ಜನ ಮನೆ ನೋಡುತ್ತಾರೆ, ವಾಸ್ತು ನೋಡುತ್ತಾರೆ, ವಕೀಲರಿಗೆ ಪತ್ರ ತೋರಿಸುತ್ತಾರೆ. ಆದರೆ ಪಕ್ಕದ ಮನೆ ಹೋದ ವರ್ಷ ಎಷ್ಟಕ್ಕೆ ಮಾರಾಟವಾಯಿತು ಎಂದು ತಿಳಿದುಕೊಂಡು ಬಂದವರು ತೀರಾ ಕಡಿಮೆ. ಇವರಿಬ್ಬರು ತಿಳಿದುಕೊಳ್ಳಲು ಹೊರಟರು. ಅದಕ್ಕೇ ಈ ಪ್ರಕರಣ ನನಗೆ ಮುಖ್ಯ ಅನಿಸಿತು.

ಹಿನ್ನೆಲೆ

2025ರ ಮಾರ್ಚ್‌ನಲ್ಲಿ ಹುಡುಕಾಟ ಶುರುವಾಯಿತು. ಆಗ ಅವರು ಭೋಗ್ಯದ ಮನೆಯಲ್ಲಿದ್ದರು. ಭೋಗ್ಯದ ಹಣ ಸೇರಿಸಿ ಕೈಯಲ್ಲಿ 26 ಲಕ್ಷ ಆಗುತ್ತಿತ್ತು. ಇಬ್ಬರ ಸಂಬಳ ಸೇರಿಸಿದರೆ 55ರಿಂದ 60 ಲಕ್ಷ ಸಾಲ ಸಿಗುವಂತಿತ್ತು. ರಿಂಗ್ ರೋಡಿನ ಒಳಗೆ, ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಇರುವ ಬಡಾವಣೆಯಲ್ಲಿ, ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ ಬೇಕಿತ್ತು. ಟೀಚರ್‌ಗೆ ಶಾಲೆ ಹತ್ತಿರ ಆಗಬೇಕು. ಮನೆಯವರಿಗೆ ಹೆದ್ದಾರಿ ಹಿಡಿಯಲು ಸುಲಭ ಆಗಬೇಕು.

ತುಮಕೂರಿನಲ್ಲಿ ಈಗ ರೇಟಿನ ಮಾತು ಎತ್ತಿದರೆ ಮೊದಲು ಬರುವುದು ಬೆಂಗಳೂರು. ಊರು 70 ಕಿಲೋಮೀಟರ್ ದೂರ, ರೈಲು ಇದೆ, ಹೆದ್ದಾರಿ ಇದೆ. ಮೇಲೆ ಬೆಂಗಳೂರಿನ ಮಾದಾವರದಿಂದ ಇಲ್ಲಿಯವರೆಗೆ ಮೆಟ್ರೊ ತರುವ ಮಾತು. ಅದು ಬಂದು ನಿಲ್ಲುವುದಕ್ಕೆ ಮೊದಲೇ ಅದರ ಬೆಲೆ ಮನೆಯ ರೇಟಿಗೆ ಬಂದು ಕೂತಿರುತ್ತದೆ. ಹಾಗಂತ ಆ ರೇಟಿಗೆ ಯಾರಾದರೂ ನಿಜಕ್ಕೂ ಕೊಂಡುಕೊಂಡಿದ್ದಾರಾ ಎಂದು ಕೇಳಿದರೆ, ತೋರಿಸುವುದಕ್ಕೆ ಯಾರ ಹತ್ತಿರವೂ ಏನೂ ಇರುವುದಿಲ್ಲ.

ತೊಡಕು

ಮೇ ತಿಂಗಳಲ್ಲಿ ಅವರಿಗೆ ಒಂದು ಮನೆ ತುಂಬಾ ಹಿಡಿಸಿತು. ಪೂರ್ವಕ್ಕೆ ಬಾಗಿಲು. ಕೆಳಗೆ ಮೇಲೆ ಸೇರಿ 18 ಚದರ. ಒಂದು ಚದರ ಎಂದರೆ 100 ಚದರ ಅಡಿ. 2011ರಲ್ಲಿ ಕಟ್ಟಿದ್ದು. ಹಿಂದೆ ಒಂದು ನುಗ್ಗೆ ಮರ, ಮುಂದೆ ಕಾರು ನಿಲ್ಲುವಷ್ಟು ಜಾಗ. ಬ್ರೋಕರ್ ಹೇಳಿದ್ದು 96 ಲಕ್ಷ.

ಟೀಚರ್ ಮೊಬೈಲಿನಲ್ಲಿ ಹುಡುಕಿದರು. ಅದೇ ಮನೆಯ ಫೋಟೊ ಮೂರು ಕಡೆ ಸಿಕ್ಕಿತು. ಒಂದು ಕಡೆ 92, ಇನ್ನೊಂದು ಕಡೆ 96, ಮತ್ತೊಂದು ಕಡೆ 1 ಕೋಟಿ 5 ಲಕ್ಷ. ಬಾಗಿಲು ಒಂದೇ, ರಂಗೋಲಿ ಒಂದೇ, ಬ್ರೋಕರ್ ಮಾತ್ರ ಬೇರೆ ಬೇರೆ. ಇನ್ನೂ ನಾಲ್ಕು ಜನರನ್ನು ಕೇಳಿದರು. "ಈ ಏರಿಯಾದಲ್ಲಿ ಚದರ ಅಡಿಗೆ ಐದೂವರೆ ಸಾವಿರ ನಡೀತಾ ಇದೆ ಮೇಡಂ" ಎಂದು ಒಬ್ಬರು. "ಆರಕ್ಕಿಂತ ಕೆಳಗೆ ಇಲ್ಲವೇ ಇಲ್ಲ" ಎಂದು ಇನ್ನೊಬ್ಬರು. ಯಾವ ಸೈಟು, ಯಾವ ತಿಂಗಳು, ಯಾರು ಕೊಂಡರು ಎಂದು ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತಿತ್ತು.

ಆ ಹೊತ್ತಿಗೆ ನನ್ನ ಹತ್ತಿರ ಬಂದರು. "ಅಂಕಲ್, ಬ್ಯಾಂಕಿನವರು ವ್ಯಾಲ್ಯೂಯೇಷನ್ ಮಾಡ್ತಾರಲ್ಲ, ಅದರಲ್ಲಿ ಸರಿಯಾದ ಬೆಲೆ ಗೊತ್ತಾಗುತ್ತಲ್ವಾ?" ಎಂದು ಟೀಚರ್ ಕೇಳಿದರು. ನನ್ನ ಅನುಭವವನ್ನು ನೇರವಾಗಿ ಹೇಳಿದೆ. ವ್ಯಾಲ್ಯೂಯರ್ ಬರುವುದು ನೀವು ರೇಟು ಮಾತಾಡಿ, ಕರಾರು ಮಾಡಿಕೊಂಡು, ಸಾಲಕ್ಕೆ ಅರ್ಜಿ ಹಾಕಿದ ಮೇಲೆ. ಅವರ ಕೈಗೆ ನಿಮ್ಮ ಕರಾರಿನ ಮೊತ್ತ ಮೊದಲೇ ಹೋಗಿರುತ್ತದೆ. ಸಾಲಕ್ಕೆ ಈ ಆಸ್ತಿ ಸಾಕಾ ಎಂದು ನೋಡುವುದು ಅವರ ಕೆಲಸ. ನೀವು ಜಾಸ್ತಿ ಕೊಡುತ್ತಿದ್ದೀರಾ ಎಂದು ಎಚ್ಚರಿಸುವುದು ಅವರ ಕೆಲಸ ಅಲ್ಲ. ಆ ವರದಿಗಾಗಿ ಕಾಯುತ್ತಾ ಕೂತರೆ ಮುಂಗಡ ಆಗಲೇ ಕೈಬಿಟ್ಟಿರುತ್ತದೆ.

ಮೊದಲ ಪ್ರಯತ್ನ: ಮಾರ್ಗಸೂಚಿ ದರ

ಮನೆಯವರು ಮೊದಲು ಸರ್ಕಾರದ ಮಾರ್ಗಸೂಚಿ ದರ ನೋಡಿದರು. ಜನರ ಬಾಯಲ್ಲಿ ಅದು ಗೈಡೆನ್ಸ್ ವ್ಯಾಲ್ಯೂ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಅದು ಪರಿಷ್ಕರಣೆ ಆಗಿದೆ. ಅವರ ಬಡಾವಣೆಗೆ 21,500 ಎಂದಿತ್ತು. ನೋಡಿ ಗಾಬರಿಯಾದರು. ಚದರ ಅಡಿಗೆ ಇಪ್ಪತ್ತೊಂದೂವರೆ ಸಾವಿರವಾ?

ಅದು ಚದರ ಮೀಟರಿನ ದರ. ಒಂದು ಚದರ ಮೀಟರ್ ಎಂದರೆ 10.76 ಚದರ ಅಡಿ. ಭಾಗಿಸಿದರೆ ಚದರ ಅಡಿಗೆ ಹತ್ತಿರ ಹತ್ತಿರ 2,000. ಮೂವತ್ತು ನಲವತ್ತರ ಸೈಟಿಗೆ 24 ಲಕ್ಷ. ಈಗ ಗಾಬರಿ ಉಲ್ಟಾ ಆಯಿತು. "ಸರ್ಕಾರವೇ 24 ಅಂತಿದೆ, ಇವರು ಐದೂವರೆ ಸಾವಿರದ ಲೆಕ್ಕದಲ್ಲಿ ಸೈಟಿಗೇ 66 ಹೇಳ್ತಿದ್ದಾರಲ್ಲ!"

ಎರಡೂ ಗಾಬರಿಗೆ ಕಾರಣ ಇರಲಿಲ್ಲ. ಮುದ್ರಾಂಕ ಶುಲ್ಕ ಇದಕ್ಕಿಂತ ಕಡಿಮೆ ಮೊತ್ತದ ಮೇಲೆ ಲೆಕ್ಕ ಆಗಬಾರದು ಎಂದು ಸರ್ಕಾರ ಹಾಕಿದ ಗೆರೆ ಅದು. ಸಂತೆಯ ಬೆಲೆ ಅದಕ್ಕಿಂತ ಮೇಲೆ ಎಷ್ಟಿದೆ ಎಂದು ಆ ಗೆರೆ ಹೇಳುವುದಿಲ್ಲ. ಆದರೂ ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ ಎಂದೆ. ಮುಂದೆ ಬೇರೊಂದು ಕೆಲಸಕ್ಕೆ ಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು.

ಎರಡನೇ ಪ್ರಯತ್ನ: ನೆರೆಯ ಸೈಟುಗಳ ಇ.ಸಿ.

ಇ.ಸಿ. ಎಂದರೆ ಋಣಭಾರ ಪ್ರಮಾಣಪತ್ರ. ಒಂದು ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನ ಸಾಲಗಳ ಪಟ್ಟಿ ಅದು. ಕೊಳ್ಳುವ ಆಸ್ತಿಗೆ ಎಲ್ಲರೂ ತೆಗೆಸುತ್ತಾರೆ. ಅಕ್ಕಪಕ್ಕದ ಆಸ್ತಿಗೂ ತೆಗೆಸಬಹುದು ಎಂದು ಹೆಚ್ಚಿನವರಿಗೆ ಹೊಳೆಯುವುದಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ, ಸ್ಥಿರಾಸ್ತಿಯ ಪತ್ರಗಳು ದಾಖಲಾಗುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಈಗ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು.

ನಂಬರ್ ಬೇಕಲ್ಲ? ಬಡಾವಣೆಯ ನಕ್ಷೆಯಲ್ಲಿ ಸೈಟ್ ನಂಬರ್ ಇತ್ತು. ಅವರ ಮನಸ್ಸಿನ ಮನೆಯ ಸುತ್ತ ಮೂರು ರಸ್ತೆಯಲ್ಲಿ ಇತ್ತೀಚೆಗೆ ಕೈ ಬದಲಾದ ಮನೆ ಯಾವುವು ಎಂದು ಟೀಚರ್ ವಿಚಾರಿಸಿದರು. ಹೊಸ ಗೇಟು, ಹೊಸ ಬಣ್ಣ, ಬಾಗಿಲಿಗೆ ಒಣಗಿದ ಗೃಹಪ್ರವೇಶದ ತೋರಣ. ಇಸ್ತ್ರಿ ಅಂಗಡಿಯವರು ಇನ್ನೆರಡು ಮನೆ ಹೇಳಿದರು. ಹೀಗೆ ಎಂಟು ಸೈಟಿಗೆ ಇ.ಸಿ. ಹಾಕಿದರು. ಐದರಲ್ಲಿ ಕಳೆದ ಎರಡು ವರ್ಷದ ವ್ಯವಹಾರ ಸಿಕ್ಕಿತು. ಆ ಐದು ಪತ್ರಗಳ ದೃಢೀಕೃತ ನಕಲು ತರಿಸಿಕೊಂಡರು.

ಇ.ಸಿ.ಯಲ್ಲಿ ಬರೆದುಕೊಟ್ಟವರು, ಬರೆಸಿಕೊಂಡವರು, ಚೆಕ್ಕುಬಂದಿ ಇರುವಂತೆ ಎರಡು ಮೊತ್ತಗಳೂ ಇರುತ್ತವೆ. ಒಂದು ಮಾರುಕಟ್ಟೆ ಮೌಲ್ಯ. ಇನ್ನೊಂದು ಪ್ರತಿಫಲ ಮೊತ್ತ. ಮೊದಲನೆಯದು ಮಾರ್ಗಸೂಚಿ ದರದ ಲೆಕ್ಕ. ಎರಡನೆಯದು ಇಷ್ಟಕ್ಕೆ ಮಾರಿದೆವು ಎಂದು ಪತ್ರದಲ್ಲಿ ಬರೆದದ್ದು. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲೇ ಅರ್ಧ ಉತ್ತರ ಇದೆ.

ಒಂದು ಪತ್ರದಲ್ಲಿ ಮಾರುಕಟ್ಟೆ ಮೌಲ್ಯ 34,12,000. ಪ್ರತಿಫಲ 34,15,000. ಬ್ಯಾಂಕ್ ಸಾಲ ಇಲ್ಲ. ಮೂರು ಸಾವಿರದ ವ್ಯತ್ಯಾಸ ನೋಡಿದರೆ ಸಾಕು, ಇದು ಮಾತಾಡಿ ಬಂದ ಬೆಲೆ ಅಲ್ಲ. ಮಾರ್ಗಸೂಚಿ ದರಕ್ಕೆ ತಾಗಿಸಿ ಬರೆಸಿದ್ದು. ಉಳಿದದ್ದು ನಗದಿನಲ್ಲಿ ಹೋಗಿರುತ್ತದೆ. ಎಷ್ಟು ಹೋಯಿತು ಎಂದು ತಿಳಿಯುವ ದಾರಿ ಇಲ್ಲ. ಆ ಪತ್ರವನ್ನು ಪಕ್ಕಕ್ಕಿಟ್ಟೆವು.

ಇನ್ನೊಂದರಲ್ಲಿ 25 ಲಕ್ಷ. ತೆರೆದು ಓದಿದರೆ ಅಣ್ಣ ತಂಗಿಯರ ನಡುವಿನ ಹಕ್ಕು ಬಿಡುಗಡೆ ಪತ್ರ. ಅದು ಮಾರಾಟವೇ ಅಲ್ಲ.

ಮೂರನೆಯದು ಖಾಲಿ ಸೈಟು. ಅದೇ ರಸ್ತೆ, ಪಶ್ಚಿಮಕ್ಕೆ ಮುಖ. 2024ರ ನವೆಂಬರ್. 48 ಲಕ್ಷಕ್ಕೆ ಕ್ರಯ. ಬ್ಯಾಂಕಿನಿಂದ 36 ಲಕ್ಷ ಸಾಲ. ಚದರ ಅಡಿಗೆ ಸರಿಯಾಗಿ 4,000.

ನಾಲ್ಕನೆಯದು ಹಿಂದಿನ ರಸ್ತೆಯ ಮನೆ. 16 ಚದರ, 2022ರಲ್ಲಿ ಕಟ್ಟಿದ್ದು. 2025ರ ಫೆಬ್ರವರಿಯಲ್ಲಿ 78 ಲಕ್ಷಕ್ಕೆ ಕ್ರಯ, 60 ಲಕ್ಷ ಸಾಲ.

ಈ ಎರಡು ಪತ್ರಗಳನ್ನು ನಾನು ಯಾಕೆ ನಂಬಿದೆ ಎಂದು ಹೇಳಬೇಕು. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷಕ್ಕಿಂತ ಮೇಲೆ 75 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಮೌಲ್ಯದ ಶೇ 80 ದಾಟುವಂತಿಲ್ಲ. ಸಾಲ ಅಲ್ಲಿಯವರೆಗೂ ಹೋಗಿದ್ದರೆ, ಕೊಂಡವರಿಗೆ ಪ್ರತಿ ರೂಪಾಯಿಯನ್ನೂ ಪತ್ರದಲ್ಲಿ ತೋರಿಸುವ ಅಗತ್ಯ ಇತ್ತು ಎಂದೇ ಅರ್ಥ. ಪತ್ರದಲ್ಲಿ ಕಡಿಮೆ ಬರೆಸಿದರೆ ಸಾಲವೂ ಕಡಿಮೆಯಾಗುತ್ತದೆ. 60 ಲಕ್ಷ ಸಾಲ 78ರಲ್ಲಿ ಶೇ 77. ಅಂಥ ಪತ್ರದಲ್ಲಿ ಬೆಲೆ ನಿಜಕ್ಕೆ ಹತ್ತಿರ ಇರುತ್ತದೆ. ಅಪರೂಪಕ್ಕೆ ಸಾಲ ಜಾಸ್ತಿ ಸಿಗಲಿ ಎಂದು ಬೆಲೆ ಏರಿಸಿ ಬರೆಸುವವರೂ ಇರುತ್ತಾರೆ. ಅದಕ್ಕೇ ಒಂದೇ ಪತ್ರ ನೋಡಿ ತೀರ್ಮಾನ ಮಾಡಬಾರದು.

ಎಡವಿದ ಜಾಗ

ಐದನೇ ಪತ್ರ ಬಂದ ದಿನ ಟೀಚರ್ ಸಂತೋಷದಿಂದ ಫೋನ್ ಮಾಡಿದರು. ಅದೇ ಅಡ್ಡರಸ್ತೆಯ ಕೊನೆಯ ಮನೆ. ಮೂವತ್ತು ನಲವತ್ತು. 2024ರಲ್ಲಿ 41 ಲಕ್ಷಕ್ಕೆ ಹೋಗಿದೆ. 30 ಲಕ್ಷ ಸಾಲವೂ ಇದೆ. "ಅಂಕಲ್, ನೀವು ಹೇಳಿದ ಹಾಗೇ ಸಾಲ ಇದೆ, ಅಂದ್ರೆ ಬೆಲೆ ನಿಜ. 41ಕ್ಕೆ ಮನೆ ಹೋಗಿದೆ ಅಂದ್ಮೇಲೆ 96 ಹೇಗೆ?"

ಆ ಉತ್ಸಾಹದಲ್ಲೇ ಅವರು ಮನೆ ಮಾಲೀಕರಿಗೆ 55 ಲಕ್ಷ ಕೇಳಿಬಿಟ್ಟರು. ಮಾಲೀಕರು ವಯಸ್ಸಾದವರು. ಸಿಟ್ಟು ಮಾಡಲಿಲ್ಲ. "ನೋಡಮ್ಮ, ನೀನು ಬೇರೆ ಮನೆ ನೋಡ್ಕೋ" ಎಂದು ಗೇಟಿನವರೆಗೆ ಬಂದು ಕಳಿಸಿದರು. ಒಂದು ತಿಂಗಳು ಮಾತೇ ನಿಂತುಹೋಯಿತು.

ನಾನು ಪತ್ರವನ್ನು ನಿಧಾನವಾಗಿ ಓದಿದೆ. ಸಾಲ ಕೊಟ್ಟದ್ದು ಬ್ಯಾಂಕಲ್ಲ, ಒಂದು ಪತ್ತಿನ ಸಹಕಾರ ಸಂಘ. ಶೆಡ್ಯೂಲಿನಲ್ಲಿ ಸರ್ವೆ ನಂಬರ್ ಬೇರೆ. ರಸ್ತೆ ಒಂದೇ ಆದರೂ ಟೂಡಾ ಬಡಾವಣೆಯ ಗಡಿ ಆ ಮನೆಗಿಂತ ಮೊದಲೇ ಮುಗಿಯುತ್ತದೆ. ಕೊನೆಯ ನಾಲ್ಕು ಮನೆಗಳು ಪಕ್ಕದ ಜಮೀನಿನಲ್ಲಿ ಬಡಾವಣೆಯ ಅನುಮೋದನೆ ಇಲ್ಲದೆ ಮಾಡಿದ ಕಂದಾಯ ಸೈಟುಗಳು. ಅಂಥವಕ್ಕೆ ಸಿಗುವುದು ಬಿ ಖಾತೆ. ಕಣ್ಣಿಗೆ ಒಂದೇ ಸಾಲಿನ ಮನೆಗಳು. ಕಾಗದದಲ್ಲಿ ಎರಡು ಬೇರೆ ಲೋಕ. ಬಿ ಖಾತೆ ಮನೆಗೆ ಸಾಲ ಸಿಗುವುದು ಕಷ್ಟ. ಸಾಲ ಸಿಗದ ಮನೆಗೆ ಗಿರಾಕಿ ಕಡಿಮೆ, ಅದಕ್ಕೇ ಬೆಲೆ ಕಡಿಮೆ.

ಇದರಲ್ಲಿ ನನ್ನ ತಪ್ಪೂ ಇದೆ. ಸಾಲ ಇದ್ದರೆ ಬೆಲೆ ನಂಬಬಹುದು ಎಂದು ಹೇಳಿದ ನಾನು, ಮೊದಲು ಖಾತೆ ನೋಡಿ ಎಂದು ಹೇಳಲಿಲ್ಲ. ಬೆಲೆ ಹೋಲಿಸುವ ಮೊದಲು ಖಾತೆ, ಬಡಾವಣೆಯ ಅನುಮೋದನೆ, ಸರ್ವೆ ನಂಬರ್ ಹೊಂದುತ್ತದಾ ಎಂದು ನೋಡಲೇಬೇಕು. ಈಗ ನಗರದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯ ಆಗಿರುವುದರಿಂದ ಇದನ್ನು ತಿಳಿಯುವುದು ಮೊದಲಿಗಿಂತ ಸುಲಭ.

ಮೂರನೇ ಪ್ರಯತ್ನ: ನೆರೆಯವರ ಮಾತು

ನಮ್ಮ ಕಡೆ ಮನೆಯ ಬೆಲೆ ಕೇಳುವುದು ಸುಲಭದ ಮಾತಲ್ಲ. ಟೀಚರ್ ಮನೆಯವರು ಒಬ್ಬರ ಬಾಗಿಲಲ್ಲಿ ನಿಂತು "ನಿಮ್ಮ ಮನೆ ಎಷ್ಟಕ್ಕೆ ತಗೊಂಡ್ರಿ ಸರ್?" ಎಂದು ನೇರವಾಗಿ ಕೇಳಿದ್ದರು. ಅವರು "ಏನೋ ದೇವರು ಕೊಟ್ಟ" ಎಂದು ಬಾಗಿಲು ಹಾಕಿಕೊಂಡರು. ಇನ್ನೊಬ್ಬರು 1 ಕೋಟಿ 10 ಲಕ್ಷ ಎಂದರು. ಬೆಲೆ ಜಾಸ್ತಿ ಹೇಳಿದರೆ ತಮ್ಮ ಮನೆಗೂ ಬೆಲೆ ಬರುತ್ತದೆ ಎಂಬ ಆಸೆ ಯಾರಿಗೂ ಇರುತ್ತದೆ.

ಟೀಚರ್ ಬೇರೆ ದಾರಿ ಹಿಡಿದರು. 78 ಲಕ್ಷದ ಪತ್ರದ ಮನೆಯವರ ಮಗ ಇವರ ಹಳೇ ವಿದ್ಯಾರ್ಥಿ. ಶ್ರಾವಣದ ಒಂದು ಶುಕ್ರವಾರ ಆ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದರು. ತಾವೂ ಮನೆ ನೋಡುತ್ತಿರುವುದಾಗಿ, ಎಲ್ಲಿ ಮೋಸ ಹೋಗುತ್ತೇವೋ ಎಂದು ಭಯ ಆಗುತ್ತಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡರು. ಬೆಲೆ ಕೇಳಲಿಲ್ಲ. ಆ ಹೆಣ್ಣುಮಗಳೇ ಹೇಳಿದರು. "ಟೀಚರೇ, ನಾವು ಬ್ಯಾಂಕ್ ಸಾಲದವರು. 78 ಅಂದ್ರೆ 78, ಎಲ್ಲ ಚೆಕ್ಕಲ್ಲೇ. ಕಪಾಟು, ಯುಪಿಎಸ್, ಫ್ಯಾನಿಗೆ ಅಂತ ಬೇರೆ ಒಂದೂವರೆ ಲಕ್ಷ ಕೊಟ್ವಿ ಅಷ್ಟೇ. ಅವರು 90 ಹೇಳಿದ್ರು. ನಾಲ್ಕು ತಿಂಗಳು ಕಾದ್ವಿ."

ಒಂದು ಲೋಟ ಬಾದಾಮಿ ಹಾಲು ಕುಡಿಯುವಷ್ಟು ಹೊತ್ತಿನಲ್ಲಿ ಇಷ್ಟು ಸಿಕ್ಕಿತು. ಜೊತೆಗೆ ಕಾಗದದಲ್ಲಿ ಎಲ್ಲೂ ಇಲ್ಲದ ಇನ್ನೊಂದು ಮಾತು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಆ ಎರಡು ರಸ್ತೆಗೆ ಸಣ್ಣಗೆ ಬರುತ್ತದೆ, ಬೋರ್‌ವೆಲ್ ಇಲ್ಲದ ಮನೆಯವರು ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತಾರೆ. ಇವರು ಇಷ್ಟಪಟ್ಟ ಮನೆಯಲ್ಲಿ ಬೋರ್‌ವೆಲ್ ಇರಲಿಲ್ಲ.

ಇಸ್ತ್ರಿ ಅಂಗಡಿಯವರು ಹೇಳಿದ್ದು ಇನ್ನೂ ಉಪಯೋಗಕ್ಕೆ ಬಂತು. ಆ ಮನೆ ಏಳು ತಿಂಗಳಿಂದ ಖಾಲಿ. ನಾಲ್ಕು ಪಾರ್ಟಿ ಬಂದು ನೋಡಿ ಹೋಗಿದ್ದಾರೆ. ಬ್ರೋಕರ್ ಮಾತ್ರ "ನಿನ್ನೆ ತಾನೇ ಮಾರಾಟಕ್ಕೆ ಬಂದಿದೆ ಸರ್" ಎಂದಿದ್ದರು.

ಲೆಕ್ಕ

ಒಂದು ಭಾನುವಾರ ಮೂವರೂ ಕೂತು ಲೆಕ್ಕ ಹಾಕಿದೆವು. ಸೈಟಿನ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ. ಖಾಲಿ ಸೈಟಿನ ಪತ್ರದಿಂದ 4,000 ಸಿಕ್ಕಿತ್ತು. ಪೂರ್ವದ ಬಾಗಿಲು, ಆಮೇಲೆ ಕಳೆದ ತಿಂಗಳುಗಳು, ಎರಡಕ್ಕೂ ಸೇರಿಸಿ 4,200 ಹಿಡಿದೆವು. 1,200 ಅಡಿಗೆ 50 ಲಕ್ಷ 40 ಸಾವಿರ.

ಕಟ್ಟಡ 18 ಚದರ. ಇಂಥದೇ ಮನೆಯನ್ನು ಈಗ ಕಟ್ಟಲು ಚದರ ಅಡಿಗೆ 2,000 ಆಗುತ್ತದೆ ಎಂದು ಅವರಿಗೆ ಗೊತ್ತಿದ್ದ ಮೇಸ್ತ್ರಿ ಹೇಳಿದ್ದರು. 36 ಲಕ್ಷ. ಮನೆಗೆ 14 ವರ್ಷ. ಕಟ್ಟಡದ ಆಯಸ್ಸು 60 ವರ್ಷ ಎಂದು ಹಿಡಿದರೆ 14 ವರ್ಷದ್ದು ಸವೆದುಹೋಗಿದೆ. ಉಳಿದದ್ದು 27 ಲಕ್ಷ 60 ಸಾವಿರ. ಎರಡೂ ಕೂಡಿದರೆ 78 ಲಕ್ಷ.

ಈ ಲೆಕ್ಕ ಸರಿಯಾ ಎಂದು ಹೇಗೆ ತಿಳಿಯುವುದು? ಅದೇ ಸೂತ್ರವನ್ನು ಹಿಂದಿನ ರಸ್ತೆಯ ಮನೆಗೆ ಹಾಕಿ ನೋಡಿದೆವು. ಸೈಟಿಗೆ 48. 16 ಚದರಕ್ಕೆ 32, ಅದರಲ್ಲಿ ಮೂರು ವರ್ಷದ ಸವೆತ ಕಳೆದು 30 ಲಕ್ಷ 40 ಸಾವಿರ. ಒಟ್ಟು 78 ಲಕ್ಷ 40 ಸಾವಿರ. ಪತ್ರದಲ್ಲಿದ್ದದ್ದು 78. ಟೀಚರ್ ಮುಖ ಅರಳಿತು. ಮೊದಲ ಸಲ ಅವರ ಕೈಯಲ್ಲಿ ಬೇರೆಯವರು ಹೇಳಿದ್ದಲ್ಲದ, ತಾವೇ ಕಂಡುಕೊಂಡ ಒಂದು ಅಂಕಿ ಇತ್ತು.

80 ಲಕ್ಷಕ್ಕಿಂತ ಒಂದು ರೂಪಾಯಿ ಜಾಸ್ತಿ ಬೇಡ ಎಂದು ಅಲ್ಲೇ ತೀರ್ಮಾನಿಸಿದರು. ಆ ಅಂಕಿಯನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು. ಮನೆ ಮುಂದೆ ನಿಂತಾಗ ಮನಸ್ಸು ಜಾರುತ್ತದೆ ಎಂದು ಅವರಿಗೇ ಗೊತ್ತಿತ್ತು.

ತಿರುವು

ಮಾಲೀಕರ ಜೊತೆ ಮಾತು ಮತ್ತೆ ಶುರುವಾಯಿತು. 96 ಇದ್ದದ್ದು 91ಕ್ಕೆ ಬಂತು. ಆಮೇಲೆ ಇಳಿಯಲಿಲ್ಲ. ಜೊತೆಗೆ ಒಂದು ಷರತ್ತು. ಪತ್ರ 45 ಲಕ್ಷಕ್ಕೆ ಆಗಬೇಕು, ಉಳಿದದ್ದು ನಗದು.

ನಾನು ಕಾಗದದ ಮೇಲೆ ಬರೆದು ತೋರಿಸಿದೆ. 45 ಲಕ್ಷದ ಪತ್ರಕ್ಕೆ ಬ್ಯಾಂಕ್ ಕೊಡುವುದು ಹೆಚ್ಚೆಂದರೆ 36. ಉಳಿದ 55 ಲಕ್ಷ ಇವರ ಕೈಯಿಂದ ಹೋಗಬೇಕು. ಇರುವುದು 26. ಕೈಸಾಲ ಮಾಡಿದರೂ ಕಾನೂನಿನ ತೊಡಕು ಬೇರೆ. ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್ ಕಲಂ ಪ್ರಕಾರ, ಸ್ಥಿರಾಸ್ತಿ ಮಾರಾಟಕ್ಕೆ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಂಡವರಿಗೂ ನಷ್ಟ ಇದೆ. ಮುಂದೆ ಮನೆ ಮಾರುವಾಗ ಇವರು ಕೊಂಡ ಬೆಲೆ ಕಾಗದದಲ್ಲಿ 45 ಎಂದೇ ಇರುತ್ತದೆ. ತಾವು ಗಳಿಸದ ಲಾಭಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ.

ಆಗಸ್ಟ್ ಕೊನೆಯಲ್ಲಿ ಇನ್ನೊಂದು ಒತ್ತಡ ಬಂತು. ರಾಜ್ಯದಲ್ಲಿ ನೋಂದಣಿ ಶುಲ್ಕ 31ರಿಂದ ಶೇ 1ರಿಂದ ಶೇ 2ಕ್ಕೆ ಏರುತ್ತದೆ ಎಂದು ಸುದ್ದಿ. ಬ್ರೋಕರ್ ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿದರು. "ಸರ್, ಇವತ್ತೇ ಅಡ್ವಾನ್ಸ್ ಹಾಕಿ, ಹೇಗಾದ್ರೂ ಮಾಡಿಸ್ತೀನಿ. ಬೆಂಗಳೂರು ಪಾರ್ಟಿ ಬೇರೆ ನಾಳೆ ಬರ್ತಿದ್ದಾರೆ." ಮನೆಯವರು ಆ ರಾತ್ರಿ ನಿದ್ದೆ ಮಾಡಲಿಲ್ಲ. ಆ ಮನೆ ಅಷ್ಟು ಮನಸ್ಸಿಗೆ ಬಂದಿತ್ತು.

ತೀರ್ಮಾನ ಮಾಡಿದ್ದು ಟೀಚರ್. ಪೂರ್ತಿ ಬೆಲೆಗೆ ಪತ್ರ ಮಾಡಿಸಿದರೂ ಶೇ 1 ಎಂದರೆ 91 ಸಾವಿರ. ಅದನ್ನು ಉಳಿಸಲು ಹೋಗಿ 11 ಲಕ್ಷ ಜಾಸ್ತಿ ಕೊಡಬೇಕಾ? ಬೇಡ ಎಂದರು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಗಳಿಗೆ ಅದು. ಅವರು ಬಿಟ್ಟುಬರಲು ಸಾಧ್ಯವಾದದ್ದು ಕ್ಯಾಲೆಂಡರಿನ ಹಿಂದಿದ್ದ ಆ ಅಂಕಿಯಿಂದ. ಅದು ಇಲ್ಲದಿದ್ದರೆ 91 ಎಂಬುದು 96ಕ್ಕಿಂತ ಐದು ಲಕ್ಷ ಕಡಿಮೆ, ಅಂದರೆ ಲಾಭ ಎಂದೇ ಕಾಣುತ್ತಿತ್ತು.

ಆದದ್ದು

ಅಕ್ಟೋಬರ್‌ನಲ್ಲಿ ಎರಡು ರಸ್ತೆ ಆಚೆ ಇನ್ನೊಂದು ಮನೆ ಸಿಕ್ಕಿತು. ಪಶ್ಚಿಮಕ್ಕೆ ಬಾಗಿಲು, 14 ಚದರ, 2015ರದ್ದು. ಬೋರ್‌ವೆಲ್ ಇತ್ತು. ಹೇಳಿದ್ದು 82. ಇವರ ಸೂತ್ರದಲ್ಲಿ ಸೈಟಿಗೆ 48, ಕಟ್ಟಡಕ್ಕೆ 23 ಚಿಲ್ಲರೆ, ಒಟ್ಟು 71 ಲಕ್ಷದ ಸ್ವಲ್ಪ ಮೇಲೆ.

ಈ ಮಾಲೀಕರು ಮಗಳ ಊರಿಗೆ ಹೋಗುವವರು. ಮನೆ ಮಾರಿದ ಹಣದಲ್ಲಿ ಅಲ್ಲೇ ಮನೆ ಕೊಳ್ಳುವವರು. ಹಳೆ ಮನೆ ಮಾರಿ ಬಂದ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ಅದೇ ಕಾಯ್ದೆಯ 54ನೇ ಕಲಂ ಅಡಿ ತೆರಿಗೆ ವಿನಾಯಿತಿ ಇತ್ತು. ಹೀಗಾಗಿ ಪೂರ್ತಿ ಬೆಲೆ ಪತ್ರದಲ್ಲಿ ತೋರಿಸಲು ಅವರಿಗೆ ಏನೂ ಅಡ್ಡಿ ಇರಲಿಲ್ಲ. ಮಾರುವವರು ಆ ಹಣದಲ್ಲಿ ಮುಂದೆ ಏನು ಮಾಡುತ್ತಾರೆ ಎಂದು ಮೊದಲೇ ಕೇಳಿದರೆ ಎಷ್ಟೋ ದಿನದ ಓಡಾಟ ಉಳಿಯುತ್ತದೆ. ಇದು ನಮಗೂ ಆಗಲೇ ಹೊಳೆದದ್ದು.

ಟೀಚರ್ ತಮ್ಮ ಎರಡು ಪತ್ರದ ನಕಲು ಇಟ್ಟುಕೊಂಡು ಮಾತಿಗೆ ಕೂತರು. "ಯಜಮಾನ್ರೇ, ನಾನು ಕಡಿಮೆ ಮಾಡಿ ಅಂತ ಸುಮ್ನೆ ಕೇಳ್ತಿಲ್ಲ. ಇಲ್ಲಿ ಹೀಗೆ ಹೋಗಿದೆ ನೋಡಿ" ಎಂದರು. ಮಾಲೀಕರು ಕನ್ನಡಕ ಹಾಕಿಕೊಂಡು ಎರಡನ್ನೂ ಪೂರ್ತಿ ಓದಿದರು. 74ಕ್ಕೆ ಮುಗಿಯಿತು. ಸೂತ್ರಕ್ಕಿಂತ ಎರಡೂವರೆ ಲಕ್ಷದ ಸ್ವಲ್ಪ ಮೇಲೆ ಜಾಸ್ತಿ. ಬೋರ್‌ವೆಲ್‌ಗೆ, ಶಾಲೆಗೆ ನಡೆದು ಹೋಗುವ ದೂರಕ್ಕೆ ಅಷ್ಟು ಕೊಡಬಹುದು ಎಂದು ಅವರೇ ತಿಳಿದು ಕೊಟ್ಟರು. ತಿಳಿಯದೆ ಜಾಸ್ತಿ ಕೊಡುವುದಕ್ಕೂ ತಿಳಿದು ಕೊಡುವುದಕ್ಕೂ ಬಹಳ ಅಂತರ ಇದೆ.

ಸಾಲ 55 ಲಕ್ಷ. ಕೈಯಿಂದ 19. ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ಸು, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಶೇ 2. ಎರಡೂ ಸೇರಿ 5 ಲಕ್ಷ 62 ಸಾವಿರ. 50 ಲಕ್ಷ ಮೀರಿದ ಆಸ್ತಿಯಾದ್ದರಿಂದ ಶೇ 1 ಟಿ.ಡಿ.ಎಸ್., ಅಂದರೆ 74 ಸಾವಿರವನ್ನು ಮಾಲೀಕರಿಗೆ ಕೊಡುವ ಹಣದಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟಿದರು. 2025ರ ನವೆಂಬರ್‌ನಲ್ಲಿ ಪತ್ರ ಆಯಿತು.

ಮೊದಲ ಮನೆ ಏನಾಯಿತು ಎಂದು ನನಗೂ ಕುತೂಹಲ ಇತ್ತು. ಜನವರಿಯಲ್ಲಿ ಇ.ಸಿ. ತೆಗೆಸಿದೆವು. ಡಿಸೆಂಬರ್‌ನಲ್ಲಿ ಮಾರಾಟವಾಗಿತ್ತು. ಪ್ರತಿಫಲ 46 ಲಕ್ಷ. ಸಾಲ ಇಲ್ಲ. ರಸ್ತೆಯಲ್ಲಿ ಒಬ್ಬರು 88 ಎನ್ನುತ್ತಾರೆ, ಒಬ್ಬರು 84, ಇನ್ನೊಬ್ಬರು 80. ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ಮಾರಿದವರಿಗೆ, ಕೊಂಡವರಿಗೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಇವರ ಲೆಕ್ಕ ಆ ಮನೆಗೆ ಸರಿಯಿತ್ತಾ, ತಪ್ಪಿತ್ತಾ ಎಂದು ತೋರಿಸಲು ನನ್ನ ಬಳಿ ಪುರಾವೆ ಇಲ್ಲ. ನಾಳೆ ಯಾರಾದರೂ ಆ ರಸ್ತೆಯಲ್ಲಿ ಹುಡುಕಿದರೆ ಅವರಿಗೆ ಸಿಗುವುದು ಆ 46 ಮಾತ್ರ. ನನಗೆ ಬೇಸರ ಆಗುವುದು ಇಲ್ಲೇ. ಕಡಿಮೆ ಬರೆಸಿದ ಪ್ರತಿ ಪತ್ರವೂ ಮುಂದೆ ಬರುವವರ ಕಣ್ಣಿಗೆ ಮಣ್ಣು ಎರಚುತ್ತದೆ.

ಎಂಟು ತಿಂಗಳು, ಎಂಟು ಇ.ಸಿ., ಐದು ನಕಲು. ಅವುಗಳಲ್ಲಿ ಕೊನೆಗೆ ನಂಬಿಕೆಗೆ ಸಿಕ್ಕಿದ್ದು ಎರಡೇ ಪತ್ರ. ಆ ಎರಡರಲ್ಲಿ ಒಂದಕ್ಕೆ ಮಾತ್ರ ಬಾಯಿಮಾತಿನ ಸಾಕ್ಷಿ ಸಿಕ್ಕಿತು. ಇಷ್ಟೇ ಸಾಕಾಯಿತು.

ಫೆಬ್ರವರಿಯಲ್ಲಿ ಟೀಚರ್ ಶಾಲೆಯ ಇನ್ನೊಬ್ಬ ಮೇಷ್ಟ್ರು ಅದೇ ಬಡಾವಣೆಯಲ್ಲಿ ಮನೆ ನೋಡಲು ಶುರು ಮಾಡಿದರು. ಒಂದು ಸಂಜೆ ಹೆಂಡತಿ ಜೊತೆ ಬಂದು ಕೂತರು. ಬೆಲೆ ಕೇಳಬೇಕು, ಆದರೆ ಹೇಗೆ ಕೇಳುವುದು ಎಂದು ತಡವರಿಸುತ್ತಿದ್ದರು. ಟೀಚರ್ ಒಳಗೆ ಹೋಗಿ ತಮ್ಮ ಕ್ರಯಪತ್ರದ ನಕಲು ತಂದು ಅವರ ಮುಂದೆ ಇಟ್ಟರು. "74 ಮೇಷ್ಟ್ರೇ. 55 ಸಾಲ. ಪತ್ರದಲ್ಲಿ ಇರೋದೇ ನಾವು ಕೊಟ್ಟಿದ್ದು. ಬರ್ಕೊಳ್ಳಿ."